ಅಧ್ಯಕ್ಷರು ಒಳ್ಳೇವ್ರೇ, ಪಾಸ್‌ಬುಕ್ ಎಲ್ಲೈತ್ರಿ?

ಸಂಘ, ಟ್ರಸ್ಟು, ಸಮಿತಿ ನಡ್ಸೋರ ಪ್ರಶ್ನೆಗಳಿಗೆ ಇರೋ ಪುಟ ಇದು. ಈ ಸಲ ಬಳ್ಳಾರಿ ಹುಡುಗಿಯೊಬ್ಬಾಕಿ ಆಫ್ರಿಕಾದಿಂದ ಅಮೆರಿಕಕ್ಕ ಹೋದವ್ರ ಸಂಘಗಳ ಬಗ್ಗೆ ಕೇಳ್ಯಾಳ, ಅದಕ್ಕ ಉತ್ತರ ಬರೀತಾ ಕುಂತ್ರ ಉಳಿದ ಪತ್ರಗಳಿಗೂ ಅದರಾಗೇ ಉತ್ತರ ಸಿಗಾಕತ್ತು, ಹಂಗಾಗಿ ಎಲ್ಲಾ ಒಟ್ಟಿಗೆ ಹಾಕೀನಿ. ಹೆಸರು ಬ್ಯಾಡ ಅಂದವ್ರ ಹೆಸರು ಹಾಕಿಲ್ಲ, ಹಾಕ್ರಿ ಅಂದವ್ರದೂ ಹಾಕಿಲ್ಲ. ನಾಳೆ ಅದೇ ಸಂಘದಾಗ ಕೂಡ್ಬೇಕಲ್ಲ ನೀವು.

ಪ್ರಶ್ನೆ: ಸರ್, ನಾನು ಬಳ್ಳಾರಿಯಲ್ಲಿ ಎಂಎಸ್‌ಡಬ್ಲ್ಯೂ ಓದ್ತಾ ಇದೀನಿ. ಡಿಸರ್ಟೇಶನ್‌ಗೆ ಅಮೆರಿಕದಲ್ಲಿರೋ ಆಫ್ರಿಕನ್ ವಲಸಿಗರ ಸಂಸ್ಥೆಗಳಲ್ಲಿ ನಾಯಕತ್ವ, ಮ್ಯಾನೇಜ್‌ಮೆಂಟ್ ಅಂತ ಟಾಪಿಕ್ ತಗೊಂಡೆ. ಸಂಡೂರು ಗಣಿ ಕಾರ್ಮಿಕರ ಮೇಲೆ ಮಾಡೋದು ಬಿಟ್ಟು ಇದ್ಯಾಕೆ ಅಂತ ಕ್ಲಾಸಲ್ಲಿ ಎಲ್ರೂ ನಗ್ತಾರೆ. ನಾನು ಅಲ್ಲಿಗೆ ಹೋಗೋಕೂ ಆಗಲ್ಲ. ಬಿಟ್ಬಿಡ್ಲಾ? ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಲಿ?
(ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: ಬಿಡಬ್ಯಾಡ ತಂಗಿ. ನಗೋರ ಮನ್ಯಾಗೂ ಒಬ್ರಿಲ್ಲ ಒಬ್ರು ಬೆಂಗಳೂರಿಗೋ ಪುಣೆಗೋ ಗುಳೆ ಹೋದವ್ರು ಇರ್ತಾರ, ಅಲ್ಲಿ ನಮ್ಮೂರವ್ರು ಅಂತ ಒಂದು ಗುಂಪು ಕಟ್ಕೊಂಡಿರ್ತಾರ, ಗುಂಪು ಹೋಗಿ ಸಂಘ ಆಗಿರ್ತತಿ, ಸಂಘದಾಗ ಜಗಳ ಹುಟ್ಟಿ ಎರಡು ಸಂಘ ಆಗಿರ್ತಾವ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನ್ನಿಯಾಪೊಲಿಸ್ ಊರಾಗೂ ಇದೇ ಕಥಿ, ಚಳಿ ಒಂದು ಜಾಸ್ತಿ.

ಮೊದಲು ಲೆಕ್ಕ ತಿಳ್ಕೋ. 1970ರಾಗ ಅಮೆರಿಕದಾಗ ಇದ್ದ ಆಫ್ರಿಕಾ ಮೂಲದವ್ರು, ಅಂದ್ರ ಆಫ್ರಿಕಾದಾಗೇ ಹುಟ್ಟಿ ಬಂದವ್ರು, ಸುಮಾರು 80 ಸಾವಿರ. 2015ರ ಹೊತ್ತಿಗೆ ಅವ್ರು ಸುಮಾರು 21 ಲಕ್ಷ ಆಗಿದ್ರು ಅಂತ ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ ಲೆಕ್ಕ ಕೊಡ್ತತಿ. 1965ರ ವಲಸೆ ಕಾಯ್ದೆ, 1980ರ ನಿರಾಶ್ರಿತರ ಕಾಯ್ದೆ, 1990ರ ಕಾಯ್ದೆಯಿಂದ ಬಂದ ವೀಸಾ ಲಾಟರಿ, ಈ ಮೂರು ಬಾಗಿಲಿಂದ ಬಂದವ್ರೇ ಹೆಚ್ಚು. ಯಾವ ಬಾಗಿಲಿಂದ ಬಂದ್ರು ಅನ್ನೋದ್ರ ಮ್ಯಾಲೆ ಅವ್ರ ಸಂಘ ಹೆಂಗಿರ್ತತಿ ಅನ್ನೋದು ನಿಂತತಿ ನೋಡು. ಓದಿ ನೌಕರಿಗೆ ಬಂದ ನೈಜೀರಿಯಾ ಡಾಕ್ಟರು, ಘಾನಾ ನರ್ಸು ಕಟ್ಟೋ ಊರಿನ ಸಂಘ ಊರಾಗ ಶಾಲಿ ಕಟ್ಟಾಕ, ಬಾವಿ ತೋಡ್ಸಾಕ ರೊಕ್ಕ ಕೂಡ್ಸ್ತತಿ. ಕೀನ್ಯಾದ ಕ್ಯಾಂಪಿನಾಗ ವರ್ಷಗಟ್ಲೆ ಕುಂತು ಮಿನ್ನೆಸೋಟಾಕ್ಕೋ ಮೇನ್ ರಾಜ್ಯದ ಲೂಯಿಸ್ಟನ್ ಊರಿಗೋ ಬಂದ ಸೊಮಾಲಿಗಳ ಸಂಸ್ಥೆ ಮನಿ ಬಾಡಿಗಿ, ಆಸ್ಪತ್ರಿ, ಮಕ್ಕಳ ಶಾಲಿ ಅಂತ ಓಡ್ಯಾಡ್ತತಿ. ಇವೆರಡನ್ನೂ ಒಂದೇ ಚೀಲದಾಗ ಹಾಕಿ 'ಆಫ್ರಿಕನ್ ನಾಯಕತ್ವ' ಅಂತ ಬರದ್ರ ನಿನ್ನ ಗೈಡ್ ಸುಮ್ನಿದ್ರೂ ನಾ ಸುಮ್ನಿರಲ್ಲ. ಆಫ್ರಿಕಾದಾಗ ಐವತ್ತಕ್ಕೂ ಮ್ಯಾಲೆ ದೇಶ ಅದಾವ, ಒಂದೆರಡು ಆರಿಸ್ಕೋ.

ಇಂಥ ಸಂಸ್ಥೆಗಳು ಹೆಂಗ ಹುಟ್ತಾವ ಅಂದ್ರ, ಬಾಳ ಸಲ ಸಾವಿನಿಂದ ಹುಟ್ತಾವ. ಇಥಿಯೋಪಿಯಾದವ್ರಿಗೆ ಇದಿರ್ ಅಂತ ಊರಾಗ ಮೊದ್ಲಿಂದ ಒಂದು ಪದ್ಧತಿ ಐತಿ, ತಿಂಗಳಾ ಇಷ್ಟು ಅಂತ ಎಲ್ರೂ ಹಾಕೋದು, ಯಾರರ ತೀರ್ಕೊಂಡ್ರ ಮಣ್ಣಿನ ಖರ್ಚು, ಬಂದವ್ರ ಊಟ, ಎಲ್ಲಾ ಅದರಾಗ. ಅಮೆರಿಕದಿಂದ ಒಂದು ಹೆಣ ಊರಿಗೆ ಕಳ್ಸಾಕ ಸಾವಿರಾರು ಡಾಲರ್ ಬೇಕು, ಅದಕ್ಕ ಅಲ್ಲಿನೂ ಇದಿರ್ ಕಟ್ಟಿದ್ರು. ಸೊಮಾಲಿಗಳದು ಹಗ್ಬದ್, ಘಾನಾದವ್ರದು ಸುಸು, ಅವು ನಮ್ಮ ಕೈ ಚೀಟಿ ಇದ್ದಂಗ. ಇವುಗಳಾಗ ಎಷ್ಟಕ್ಕೋ ರಶೀದಿ ಇಲ್ಲ, ರಿಜಿಸ್ಟ್ರೇಶನ್ ಇಲ್ಲ, ಆದ್ರೂ ನಡೀತಾವ. ಯಾಕ ನಡೀತಾವ? ರೊಕ್ಕ ಹಿಡ್ದಾಕಿ ಯಾರು, ಆಕಿ ಯಾರ ಮಗಳು ಅಂತ ಎಲ್ರಿಗೂ ಗೊತ್ತಿರ್ತತಿ.

ಕಷ್ಟ ಶುರು ಆಗೋದು ಇದೇ ಗುಂಪು ಸರ್ಕಾರದ ಗ್ರಾಂಟು ಬೇಕು ಅಂತ 501(ಸಿ)(3) ಅನ್ನೋ ತೆರಿಗೆ ವಿನಾಯ್ತಿ ತಗೊಂಡು ಕಾಗದದ ಸಂಸ್ಥೆ ಆದಾಗ. ಈಗ ಬೋರ್ಡ್ ಬೇಕು, ಮಿನಿಟ್ಸ್ ಬೇಕು, ವರ್ಷಾ ವರ್ಷಾ ತೆರಿಗೆ ಇಲಾಖೆಗೆ ಫಾರಂ 990 ಅನ್ನೋ ಲೆಕ್ಕದ ವರದಿ ಹಾಕ್ಬೇಕು, ಸತತ ಮೂರು ವರ್ಷ ಹಾಕ್ಲಿಲ್ಲ ಅಂದ್ರ ವಿನಾಯ್ತಿ ತಾನಾಗೇ ರದ್ದು, 2006ರ ಕಾಯ್ದೆಯಿಂದ ಬಂದ ನಿಯಮ ಅದು. ಇನ್ನೊಂದು, ಬಾಳಷ್ಟು ಸರ್ಕಾರಿ ಗ್ರಾಂಟಿನಾಗ ಮೊದ್ಲು ನೀ ಖರ್ಚು ಮಾಡು, ಬಿಲ್ ತೋರ್ಸು, ಆಮ್ಯಾಲೆ ಕೊಡ್ತೀವಿ ಅಂತಾರ. ದೊಡ್ಡ ಸಂಸ್ಥೆಗೆ ನಡೀತತಿ, ಬ್ಯಾಂಕಿನಾಗ ಎರಡು ತಿಂಗಳ ಪಗಾರ ಇಲ್ಲದವ್ರಿಗೆ ಕುತ್ತಿಗಿಗೆ ಬರ್ತತಿ. ಡೈರೆಕ್ಟರ್ ಅನ್ನೋನು ತನ್ನ ಪಗಾರ ಬಿಟ್ಟು ಸ್ಟಾಫಿಗೆ ಕೊಟ್ಟಿರ್ತಾನ, ಅದನ್ನ ಎಲ್ಲೂ ಬರ್ದಿರಲ್ಲ.

ಒಂದು ದಿನ ಅಂಥ ಆಫೀಸಿನಾಗ ಏನಾಗ್ತತಿ ಅಂತ ಕಣ್ಮುಂದ ತಂದ್ಕೋ. ಸಂಜಿ ಐದರೊಳಗ ಗ್ರಾಂಟಿನ ರಿಪೋರ್ಟು ಅಪ್‌ಲೋಡ್ ಆಗ್ಬೇಕು. ಬಾಗಿಲಾಗ ಒಬ್ಬ ಅಜ್ಜಿ ಕೈಯಾಗ ಕವರ್ ಹಿಡ್ಕೊಂಡು ನಿಂತಾಳ, ಅದು ಲೈಟ್ ಬಿಲ್ಲೋ, ಮನಿ ಖಾಲಿ ಮಾಡು ಅನ್ನೋ ನೋಟೀಸೋ ಆಕಿಗೆ ಗೊತ್ತಿಲ್ಲ, ಓದಿ ಹೇಳು ಮಗಾ ಅಂತಾಳ. ಡೈರೆಕ್ಟರ್ ಎದ್ದು ಓದ್ತಾನ, ನೋಟೀಸೇ ಆಗಿರ್ತತಿ, ಮನಿ ಮಾಲಕಗ ಫೋನ್ ಹಚ್ತಾನ, ಅಲ್ಲೇ ಅರ್ಧ ತಾಸು ಹೋತು. ರಿಪೋರ್ಟ್ ಲೇಟ್. ಗ್ರಾಂಟ್ ಕೊಟ್ಟವ್ರ ಪುಸ್ತಕದಾಗ ಅವನು 'ಕೆಪಾಸಿಟಿ ಇಲ್ಲದವನು', ಅಜ್ಜಿ ಲೆಕ್ಕದಾಗ ಅವನಂಥವನು ಊರಾಗ ಇಲ್ಲ. ಇವೆರಡು ಪರೀಕ್ಷೆನೂ ಒಬ್ಬನೇ ಬರೀಬೇಕು, ನಿನ್ನ ಡಿಸರ್ಟೇಶನ್ ಕುಂದ್ರೋ ಜಾಗ ಅದೇ ಅಂತ ನನಗ ಅನಸ್ತತಿ. ಮ್ಯಾನೇಜ್‌ಮೆಂಟ್ ಪುಸ್ತಕ ಓದಿದವ್ರು ಇವ್ರಿಗೆ ಟ್ರೈನಿಂಗ್ ಕೊಡ್ರಿ ಅಂತಾರ, ಟ್ರೈನಿಂಗಿಗಿಂತ ಮೊದ್ಲು ಇನ್ನೊಬ್ಬ ಮನುಷ್ಯಾನ ಪಗಾರ ಕೊಡ್ರಿ ಅಂತೀನಿ ನಾನು.

ಎಲ್ಲಾ ಸಣ್ಣವೇ ಅಂತಲ್ಲ ಮತ್ತ. ನ್ಯೂಯಾರ್ಕಿನ ಆಫ್ರಿಕನ್ ಸರ್ವಿಸಸ್ ಕಮಿಟಿ 1981ರಾಗ ಇಥಿಯೋಪಿಯಾದ ನಿರಾಶ್ರಿತರು ಶುರು ಮಾಡಿದ್ದು. ವರ್ಜೀನಿಯಾದ ಆರ್ಲಿಂಗ್ಟನ್‌ನಾಗಿರೋ ಇಥಿಯೋಪಿಯನ್ ಕಮ್ಯುನಿಟಿ ಡೆವಲಪ್‌ಮೆಂಟ್ ಕೌನ್ಸಿಲ್ 1983ರದ್ದು, ತಮ್ಮವ್ರಿಗೆ ಅಂತ ಶುರುವಾಗಿ ಆಮ್ಯಾಲೆ ಯಾವ್ಯಾವ ದೇಶದ ನಿರಾಶ್ರಿತರನ್ನೋ ನೆಲಿ ನಿಲ್ಸೋ ರಾಷ್ಟ್ರಮಟ್ಟದ ಏಜೆನ್ಸಿ ಆತು. ಆದ್ರ 2025ರ ಜನವರಿಯಾಗ ಅಮೆರಿಕ ಸರ್ಕಾರ ನಿರಾಶ್ರಿತರನ್ನ ಕರ್ಸ್ಕೊಳ್ಳೋ ಕಾರ್ಯಕ್ರಮನೇ ನಿಲ್ಸಿದಾಗ ಈ ಕ್ಷೇತ್ರದಾಗಿನ ಎಷ್ಟೋ ಸಂಸ್ಥೆಗಳು ನೌಕರರನ್ನ ಮನಿಗೆ ಕಳಿಸ್ಬೇಕಾತು. ರೊಕ್ಕ ಒಂದೇ ಕಡಿಂದ ಬರ್ತಿದ್ರ ಹಿಂಗಾಗೋದೇ.

ಈಗ, ಹೋಗದೇ ಹೆಂಗ ಮಾಡೋದು. ಫಾರಂ 990 ಸಾರ್ವಜನಿಕ ದಾಖಲೆ, ಬಳ್ಳಾರಿ ಹಾಸ್ಟೆಲ್‌ನಾಗ ಕುಂತು ಮೊಬೈಲಿನಾಗ ಓದಬಹುದು. ಪ್ರೊಪಬ್ಲಿಕಾ ಅನ್ನೋ ಸುದ್ದಿ ಸಂಸ್ಥೆಯವ್ರ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಅಂತ ಹುಡುಕು, ಪುಕ್ಕಟೆ. ಅದರಾಗ ಭಾಗ 6ರಾಗ ಆಡಳಿತದ ಪ್ರಶ್ನೆ ಅದಾವ, ಪದಾಧಿಕಾರಿಗಳ ನಡುವ ಸಂಬಂಧ ಐತೇನು, ಮೀಟಿಂಗಿನ ಮಿನಿಟ್ಸ್ ಬರೀತೀರೇನು, ಹಿತಾಸಕ್ತಿ ಸಂಘರ್ಷದ ನಿಯಮ ಐತೇನು ಅಂತ. ಭಾಗ 7ರಾಗ ಯಾರು ಯಾವ ಹುದ್ದೆ, ಎಷ್ಟು ಪಗಾರ, ವಾರಕ್ಕ ಎಷ್ಟು ತಾಸು. ಒಂದು ಹತ್ತು ಸಂಸ್ಥೆ ಆರಿಸ್ಕೊಂಡು ಐದು ವರ್ಷದ್ದು ಒಂದರ ಪಕ್ಕ ಒಂದು ಇಟ್ಟು ನೋಡು, ಹೆಸರು ಬದಲಾಗ್ಯಾವೋ ಇಲ್ಲೋ, ಆದಾಯ ಒಂದೇ ಕಡಿಂದ ಬರಾಕತ್ತೈತೋ ಹೆಂಗ, ಅರ್ಧ ಥೀಸಿಸ್ ಅಲ್ಲೇ ಐತಿ. ವರ್ಷಕ್ಕ 50 ಸಾವಿರ ಡಾಲರ್‌ಗಿಂತ ಕಮ್ಮಿ ಬರೋ ಸಣ್ಣವು ಬರೀ ಒಂದು ಇ-ಪೋಸ್ಟ್‌ಕಾರ್ಡ್ ಹಾಕ್ತಾವ, ಅದರಾಗ ಏನೂ ಸಿಗಲ್ಲ, ಅವ್ರನ್ನ ಜೂಮ್‌ನಾಗ ಮಾತಾಡ್ಸು. ಇಲ್ಲಿ ರಾತ್ರಿ ಎಂಟು ಅಂದ್ರ ಮಿನ್ನೆಸೋಟಾದಾಗ ಬೆಳಿಗ್ಗೆ, ಒಪ್ಪಿಗಿ ಪತ್ರ ಮೊದ್ಲು ಕಳ್ಸು. ಕಡೀಗೆ ಒಂದು ಅಧ್ಯಾಯ ನಮ್ಮ ಗುಳೆ ಸಂಘದ ಮ್ಯಾಲೆ ಬರಿ, ನಗೋರು ಬಾಯಿ ಮುಚ್ತಾರ. ಮುಂದಿನ ಪತ್ರ ನೋಡು, ಅದಕ್ಕ ಕೇಸ್ ಸ್ಟಡಿನೂ ಸಿಕ್ತು ನಿನಗ.

ಪ್ರಶ್ನೆ: ನಮಸ್ಕಾರ್ರೀ. ನಾವು ಕುಷ್ಟಗಿ ತಾಲೂಕಿನವ್ರು, ಬೆಂಗಳೂರಾಗ ಗಾರೆ ಕೆಲ್ಸ, ಸೆಂಟ್ರಿಂಗ್ ಮಾಡ್ತೀವಿ. ಬಾಳ ವರ್ಷದ ಹಿಂದ ನಮ್ಮ ಹುಡುಗ ಒಬ್ಬ ಮ್ಯಾಲಿಂದ ಬಿದ್ದು ಸತ್ತಾಗ ಹೆಣ ಊರಿಗೆ ಒಯ್ಯಾಕ ಆಂಬುಲೆನ್ಸಿಗೆ ರೊಕ್ಕ ಇರ್ಲಿಲ್ಲ, ಆವಾಗ ನಮ್ಮ ಮೇಸ್ತ್ರಿ ಅಣ್ಣಾರು ಮುಂದ ನಿಂತು ಸಂಘ ಕಟ್ಟಿದ್ರು. ಅವತ್ತಿಂದ ಅವ್ರೇ ಅಧ್ಯಕ್ಷರು. ತಿಂಗಳಾ 100 ರೂಪಾಯಿ ಕೊಡ್ತೀವಿ. ಅವ್ರು ತಿಂದಾರ ಅಂತ ಒಬ್ರೂ ಅನ್ನಲ್ಲ, ಆದ್ರ ಎಷ್ಟೈತಿ ಅಂತ ಒಬ್ರಿಗೂ ಗೊತ್ತಿಲ್ಲ. ಕೇಳಿದ್ರ ನನ್ನ ಮ್ಯಾಲೇ ಡೌಟಾ ಅಂತ ಸಿಟ್ಟಾಕ್ಕಾರ. ಹೆಂಗ ಕೇಳ್ಬೇಕ್ರಿ?
(ಒಬ್ಬ ಸದಸ್ಯ, ಈಗ ಬೆಂಗಳೂರು)

ಉತ್ತರ: ತಮ್ಮಾ, ಮೊದ್ಲು ಅವ್ರ ಸಿಟ್ಟು ಯಾಕ ಬರ್ತತಿ ಅಂತ ತಿಳ್ಕೋ. ರಾತ್ರಿ ಎರಡಕ್ಕ ಪೊಲೀಸ್ ಸ್ಟೇಷನ್ನಿಂದ ಫೋನ್ ಬಂದ್ರ ಎದ್ದು ಹೋದವ್ರು ಅವ್ರು, ಶವಾಗಾರದ ಮುಂದ ನಿಂತವ್ರು ಅವ್ರು, ನೀವೆಲ್ಲಾ ಮಕ್ಕೊಂಡಿದ್ರಿ. ಅಂಥವ್ರಿಗೆ ಹೋಗಿ ಲೆಕ್ಕ ಕೊಡ್ರಿ ಅಂದ್ರ ಕೆನ್ನಿಗೆ ಹೊಡ್ದಂಗ ಆಗ್ತತಿ. ಆಫ್ರಿಕಾದವ್ರ ಸಂಘಗಳಾಗೂ ಕಟ್ಟಿದ ಮನುಷ್ಯಾ ಬಿಟ್ಟು ಕೊಡೋದಿಲ್ಲ ಅನ್ನೋದೇ ದೊಡ್ಡ ತಕರಾರು, ಅದಕ್ಕ ಇಂಗ್ಲಿಷ್ ಪುಸ್ತಕದಾಗ ಫೌಂಡರ್ ಸಿಂಡ್ರೋಮ್ ಅಂತ ರೋಗದ ಹೆಸರು ಬ್ಯಾರೆ ಇಟ್ಟಾರ. ನಾ ಅದನ್ನ ರೋಗ ಅನ್ನಲ್ಲ. ಮ್ಯಾಲೆ ಹೇಳಿದ ಆರ್ಲಿಂಗ್ಟನ್ ಸಂಸ್ಥೆನ ಕಟ್ಟಿದವ್ರೇ ದಶಕಗಟ್ಲೆ ನಡೆಸಿದ್ರು, ಹಾಳಾಗ್ಲಿಲ್ಲ, ದೊಡ್ಡದಾತು. ಒಬ್ರೇ ಬಾಳ ದಿನ ಇರೋದು ತಪ್ಪಲ್ಲ ತಮ್ಮಾ, ಲೆಕ್ಕ ಅವ್ರ ಕಿಸೆದಾಗ ಇರೋದು ತಪ್ಪು.

ಹಂಗಾಗಿ 'ರೊಕ್ಕ ಎಲ್ಲೈತಿ' ಅಂತ ಕೇಳಬ್ಯಾಡ. 'ಅಣ್ಣಾರ, ನಿಮಗೇನರ ಹೆಚ್ಚು ಕಮ್ಮಿ ಆದ್ರ ನಾಳೆ ಬ್ಯಾಂಕಿಗೆ ಹೋಗಾಕ ನಮ್ಮಾಗ ಒಬ್ರಿಗೂ ಗೊತ್ತಿಲ್ರಿ, ಒಬ್ಬನ್ನ ತಯಾರ ಮಾಡ್ರಿ' ಅಂತ ಕೇಳು. ಒಬ್ನೇ ಹೋಗಬ್ಯಾಡ, ಅವ್ರಿಗಿಂತ ವಯಸ್ಸಿನಾಗ ದೊಡ್ಡವ್ರನ್ನ ಒಬ್ರನ್ನ ಕರ್ಕೊಂಡು ಹೋಗು, ಮೀಟಿಂಗಿನಾಗ ಎಲ್ರ ಮುಂದ ಅಂತೂ ಕೇಳಾಕ ಹೋಗಬ್ಯಾಡ. ಅವ್ರು ಹೂಂ ಅಂದ ದಿನಾನೇ ಖಜಾಂಚಿ ಅಂತ ಒಬ್ಬನ್ನ ಮಾಡಿ ಬ್ಯಾಂಕ್ ಖಾತೆ ಜಂಟಿ ಮಾಡ್ರಿ, ಇಬ್ಬರ ಸಹಿ ಇಲ್ಲದೇ ರೊಕ್ಕ ಹೊರಗ ಬರಬಾರ್ದು. ಆಮ್ಯಾಲೆ ತಿಂಗಳಿಗೊಂದು ಐತವಾರ, ಪಗಾರ ಆದ ಮಾರನೇ ದಿನ ಆದ್ರ ಚೊಲೊ, ಖಜಾಂಚಿ ಎದ್ದು ನಿಂತು ಓದ್ಬೇಕು. ಹೋದ ತಿಂಗಳು ಇದ್ದದ್ದು ಇಷ್ಟು, ಈ ತಿಂಗಳು ಬಂದದ್ದು ಇಷ್ಟು, ಇಂಥವ್ರು ಕೊಟ್ಟಿಲ್ಲ, ಆಂಬುಲೆನ್ಸಿಗೆ ಹೋತು ಇಷ್ಟು, ಉಳಿದದ್ದು ಇಷ್ಟು, ಪಾಸ್‌ಬುಕ್ ಇಲ್ಲೈತಿ ನೋಡ್ರಿ ಅಂತ ಕೈಯಿಂದ ಕೈಗೆ ದಾಟಿಸ್ಬೇಕು. ಓದಾಕ ಬರದವ್ರೂ ಹಿಡ್ದು ನೋಡಿ ಮುಂದ ಕೊಡ್ಲಿ. ಎರಡು ಮೂರು ತಿಂಗಳು ಹಿಂಗ ನಡೀಲಿ, ನಿಮ್ಮ ಅಣ್ಣಾರಿಗೇ ಹಗುರ ಅನಸ್ತತಿ, ಯಾಕಂದ್ರ ಇಷ್ಟು ವರ್ಷ ಆ ಲೆಕ್ಕ ತಲ್ಯಾಗ ಹೊತ್ಕೊಂಡು ತಿರುಗ್ಯಾರ.

ರಿಜಿಸ್ಟರ್ ಆಗೀರೇನು ಅಂತ ಬರ್ದಿಲ್ಲ ನೀನು. ಆಗಿದ್ರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗ್ಲೇಬೇಕು, ಸಭೆ ಆದ 14 ದಿನದಾಗ ಆಡಳಿತ ಮಂಡಳಿ ಪಟ್ಟಿ ಸಂಘಗಳ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು, ಲೆಕ್ಕದ ಸಮೇತ. ಇನ್ನೊಂದು ಮಾತು, ಇದು ನೀ ಕೇಳಿಲ್ಲ ಆದ್ರೂ ಹೇಳ್ತೀನಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡು ನಿಮ್ಮಾಗ ಎಷ್ಟು ಮಂದಿ ಹತ್ರ ಐತಿ, ಎಷ್ಟು ಮಂದಿದು ರಿನ್ಯೂವಲ್ ಆಗ್ಯಾವು ಅಂತ ಒಂದು ವಹಿದಾಗ ಬರೀರಿ. ಸೈಟಿನಾಗ ಸತ್ರ ಮಂಡಳಿಯಿಂದ ಮನಿಯವ್ರಿಗೆ ಪರಿಹಾರ ಐತಿ, ಕಾರ್ಡ್ ಚಾಲ್ತಿ ಇರ್ಬೇಕಷ್ಟೇ. ನಿಮ್ಮ 100 ರೂಪಾಯಿ ಚಂದಾಕ್ಕಿಂತ ದೊಡ್ಡ ರೊಕ್ಕ ಅದು.

ಪ್ರಶ್ನೆ: ನಮ್ಮ ಸಮಿತಿಯಲ್ಲಿ ಎಲ್ಲಾ ಜಾತಿ, ಎಲ್ಲಾ ಓಣಿಯವ್ರು ಇರಬೇಕು ಅಂತ 21 ಮಂದಿ ಪದಾಧಿಕಾರಿ ಮಾಡಿದ್ದೇವೆ. ಈಗ ಯಾವ ಮೀಟಿಂಗಿಗೂ ಕೋರಂ ಆಗ್ತಿಲ್ಲ, ತೆಗೆದ್ರೆ ಆ ಸಮಾಜದವ್ರಿಗೆ ಬೇಜಾರು. ಏನು ಮಾಡೋದು?
(ಕಾರ್ಯದರ್ಶಿ, ಲಿಂಗಸುಗೂರು)

ಉತ್ತರ: 21 ಮಂದಿನೂ ಬಂದ್ರ ಚಹಾಕ್ಕೇ ಬಜೆಟ್ ಖಾಲಿ ಆಕ್ಕಿತ್ತು, ಬರದಿದ್ದದ್ದೇ ಚೊಲೊ ಆತು ಬಿಡ್ರಿ.

ತಮಾಷೆ ಇರ್ಲಿ. ಸೊಮಾಲಿಗಳದ್ದು ಇದಕ್ಕಿಂತ ಬಿಗಿ. ಅವ್ರಾಗ ಕುಲ, ಉಪಕುಲ ಅಂತ ಬಾಳ ಅದಾವ, 2000ನೇ ಇಸ್ವಿಯಾಗ ಜಿಬೂಟಿಯ ಆರ್ತಾ ಅನ್ನೋ ಊರಾಗ ಕುಂತು ಪಾರ್ಲಿಮೆಂಟ್ ಸೀಟನ್ನೇ ನಾಲ್ಕೂವರೆ ಅನ್ನೋ ಲೆಕ್ಕದಾಗ ಹಂಚ್ಕೊಂಡ್ರು, ನಾಲ್ಕು ದೊಡ್ಡ ಕುಲಕ್ಕ ಒಂದೊಂದು ಪಾಲು, ಉಳಿದ ಸಣ್ಣ ಸಮುದಾಯ ಎಲ್ಲಾ ಸೇರಿ ಅರ್ಧ ಪಾಲು. ಆ ಅರ್ಧದವ್ರ ಹೊಟ್ಟಿ ಉರಿ ಕೇಳಬ್ಯಾಡ್ರಿ. ಊರು ಬಿಟ್ಟು ಸಾವಿರಾರು ಮೈಲಿ ಹೋದ್ರೂ ಈ ಕುಲ ನೋಡೋ ಕಣ್ಣು ಹೋಗಲ್ಲ, ಇಂಥ ಸಂಸ್ಥೆ ಇಂಥ ಕುಲದವ್ರದು ಅಂತ ಹೆಸರು ಬಿದ್ರ ಉಳಿದವ್ರು ಆ ಬಾಗಿಲು ತುಳಿಯಲ್ಲ, ಒಂದೇ ಊರಾಗ ಒಂದೇ ಕೆಲ್ಸಕ್ಕ ಮೂರ್ನಾಲ್ಕು ಸಂಸ್ಥೆ ಹುಟ್ಕೋತಾವ, ಗ್ರಾಂಟು ಕೊಡೋರು ಮಾತ್ರ ನೀವೆಲ್ಲಾ ಒಂದಾಗಿ ಬರ್ರಿ ಅಂತಾರ. ನಮ್ಮಾಗ ಸಮುದಾಯ ಭವನಗಳು ಸಾಲಾಗಿ ನಿಂತಾವಲ್ಲ, ಹಂಗೇ.

ಅದಕ್ಕ ನಾ ಹೇಳೋದು, ಗೌರವ ಬ್ಯಾರೆ ಕೆಲ್ಸ ಬ್ಯಾರೆ ಮಾಡ್ರಿ. 21 ಮಂದಿನ ತೆಗೀಬ್ಯಾಡ್ರಿ, ಸಲಹಾ ಸಮಿತಿ ಅಂತ ಮಾಡಿ, ವರ್ಷದಾಗ ಎರಡು ಸಲ ಕರೀರಿ, ಶಾಲು ಹಾಕ್ರಿ, ಆಮಂತ್ರಣದಾಗ ಹೆಸರು ದೊಡ್ಡದಾಗಿ ಹಾಕ್ರಿ (ಹೆಸರು ಬಿಟ್ಟು ಹೋದ್ರ ಮಾತ್ರ ನಾ ಜವಾಬ್ದಾರ ಅಲ್ಲ). ದಿನದ ಕೆಲ್ಸ ನಡ್ಸಾಕ ಏಳೋ ಒಂಬತ್ತೋ ಮಂದಿ ಸಾಕು, ಕಾಯ್ದೆದಾಗ ಸಂಘ ನೋಂದಣಿಗೆ ಬೇಕಾಗಿದ್ದೇ ಕಮ್ಮಿ ಅಂದ್ರ ಏಳು ಸದಸ್ಯರು. ಅವ್ರನ್ನ ಆರಿಸೋವಾಗ ಯಾವ ಓಣಿ ಅಂತ ಕೇಳ್ರಿ, ಬ್ಯಾಡ ಅನ್ನಲ್ಲ, ಅದರ ಜೊತಿಗೆ ಲೆಕ್ಕ ಬರ್ತತೇನು, ಸರ್ಕಾರಿ ಆಫೀಸ್ ತಿರುಗ್ತೀಯೇನು, ಹೋದ ವರ್ಷ ಎಷ್ಟು ಮೀಟಿಂಗಿಗೆ ಬಂದಿ ಅಂತನೂ ಕೇಳ್ರಿ. ಸತತ ಮೂರು ಮೀಟಿಂಗಿಗೆ ಬರದಿದ್ರ ಜಾಗ ಖಾಲಿ ಅಂತ ಬೈಲಾದಾಗ ಸೇರ್ಸ್ರಿ, ಬೈಲಾ ತಿದ್ದುಪಡಿ ಸರ್ವಸದಸ್ಯರ ಸಭೆದಾಗೇ ಆಗ್ಬೇಕು, ವಾಟ್ಸಾಪಿನಾಗ ಹೆಬ್ಬೆಟ್ಟು ಒತ್ತಿದ್ರ ಆಗಲ್ಲ. ಮತ್ತ 21ರಾಗ ಹೆಣ್ಮಕ್ಳು ಎಷ್ಟು ಅಂತ ನೀವು ಬರ್ದೇ ಇಲ್ಲ ನೋಡ್ರಿ ಕಾರ್ಯದರ್ಶಿಗಳೇ. ಒಂದು ಸಹಿ ಹೆಣ್ಮಗಳದು ಇರ್ಲಿ ಚೆಕ್ಕಿನ ಮ್ಯಾಲೆ.

ಪ್ರಶ್ನೆ: ನನ್ನ ಮಗಳು ಮಿನ್ನಿಯಾಪೊಲಿಸ್‌ನಲ್ಲಿ ಅಕೌಂಟ್ಸ್ ಕೆಲಸದಲ್ಲಿ ಇದ್ದಾಳೆ. ಅಲ್ಲಿ ಪೂರ್ವ ಆಫ್ರಿಕಾದವರ ಒಂದು ಸಣ್ಣ ಸಂಸ್ಥೆಯಲ್ಲಿ ಶನಿವಾರ ಮಕ್ಕಳಿಗೆ ಪಾಠ ಹೇಳೋಕೆ ಹೋಗ್ತಿದ್ದಳು, ಈಗ ಬೋರ್ಡ್ ಸದಸ್ಯೆ, ಖಜಾಂಚಿ ಆಗು ಅಂತ ಕೇಳಿದ್ದಾರಂತೆ, ಸಂಬಳ ಇಲ್ಲ. ಅಲ್ಲಿ ಏನೋ ದೊಡ್ಡ ಹಗರಣ ಆಗಿತ್ತು ಅಂತ ಟಿವಿಯಲ್ಲಿ ನೋಡಿದೆ. ನನಗೆ ಭಯ. ಬೇಡ ಅನ್ನಲಾ?
(ನಿವೃತ್ತ ಶಿಕ್ಷಕರು, ರಾಯಚೂರು)

ಉತ್ತರ: ಮಾಸ್ತರ್ರೇ, ನಿಮ್ಮ ಭಯ ಸುಳ್ಳಲ್ಲ, ಆದ್ರ ಬ್ಯಾಡ ಅನ್ನಬ್ಯಾಡ್ರಿ, ಕೇಳಿ ಸೇರು ಅನ್ರಿ.

ನೀವು ನೋಡಿದ್ದು ಫೀಡಿಂಗ್ ಅವರ್ ಫ್ಯೂಚರ್ ಅನ್ನೋ ಸಂಸ್ಥೆದು ಇರ್ಬೇಕು. ಕೊರೊನಾ ಟೈಮಿನಾಗ ಮಕ್ಕಳಿಗೆ ಊಟ ಕೊಟ್ಟೀವಿ ಅಂತ ಸುಳ್ಳು ಬಿಲ್ ತೋರ್ಸಿ ಸುಮಾರು 25 ಕೋಟಿ ಡಾಲರ್ ಸರ್ಕಾರಿ ರೊಕ್ಕ ಹೊಡ್ದಾರ ಅಂತ 2022ರಾಗ ಕೇಸ್ ಹಾಕಿದ್ರು, ಸಂಸ್ಥೆ ಮುಖ್ಯಸ್ಥೆ ಮ್ಯಾಲಿನ ಆರೋಪ 2025ರ ಮಾರ್ಚಿನಾಗ ಸಾಬೀತಾತು. ಆಕಿ ಆಫ್ರಿಕಾದಾಕಿ ಅಲ್ಲ, ಆದ್ರ ಆರೋಪಿಗಳಾಗ ಬಾಳ ಮಂದಿ ಸೊಮಾಲಿ ಮೂಲದವ್ರು ಇದ್ರು, ಅದಕ್ಕ ಏನೂ ಸಂಬಂಧ ಇಲ್ಲದ ಸಣ್ಣ ಸಂಸ್ಥೆಗಳನ್ನೂ ಜನ ಅನುಮಾನದಿಂದ ನೋಡಾಕತ್ರು. ಪ್ರಾಮಾಣಿಕ ಮಂದಿಗೆ ಈಗ ಡಬಲ್ ಲೆಕ್ಕ ತೋರ್ಸೋ ಕರ್ಮ. ನಿಮ್ಮ ಮಗಳಂಥ ಅಕೌಂಟೆಂಟ್ ಅವ್ರಿಗೆ ಬೇಕಾಗಿರೋದು ಅದಕ್ಕೇ.

ಅಮೆರಿಕದಾಗ ಬೋರ್ಡ್ ಸದಸ್ಯ ಅಂದ್ರ ಫೋಟೋಕ್ಕ ನಿಲ್ಲೋ ಹುದ್ದೆ ಅಲ್ಲ, ಎಚ್ಚರದಿಂದ ನೋಡ್ಕೊಳ್ಳೋ ಹೊಣಿ, ಸಂಸ್ಥೆಗೆ ನಿಷ್ಠೆಯ ಹೊಣಿ ಅಂತ ಕಾನೂನಿನಾಗೇ ಐತಿ. ಹೂಂ ಅನ್ನೋದಕ್ಕಿಂತ ಮೊದ್ಲು ಆಕಿ ಹಿಂದಿನ ಮೂರು ವರ್ಷದ ಫಾರಂ 990, ಬೈಲಾ, ಕಳೆದ ವರ್ಷದ ಬೋರ್ಡ್ ಮಿನಿಟ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ಲಿ. ನಗನಗ್ತಾ ಕೊಟ್ರ ಅರ್ಧ ಚಿಂತಿ ಹೋತು. ನಾಳೆ ಕೊಡ್ತೀವಿ ನಾಡಿದ್ದು ಕೊಡ್ತೀವಿ ಅಂದ್ರ ಶನಿವಾರದ ಪಾಠ ಹೇಳ್ಕೊಂಡು ಆರಾಮ ಇರ್ಲಿ. ನೌಕರರ ಪಗಾರದಾಗ ಹಿಡಿದ ತೆರಿಗೆ ಸರ್ಕಾರಕ್ಕ ಕಟ್ಯಾರೇನು ಅಂತ ಖಾಸಾ ಕೇಳ್ಲಿ, ಅದು ಬಾಕಿ ಇದ್ರ ಸಹಿ ಮಾಡೋ ಅಧಿಕಾರ ಇದ್ದವ್ರ ಮೈಮ್ಯಾಲೇ ಬರೋ ಸಾಧ್ಯತೆ ಐತಿ. ಬೋರ್ಡ್ ಸದಸ್ಯರಿಗೆ ವಿಮೆ ಐತೇನು ಅಂತನೂ ಕೇಳ್ಲಿ. ವೀಸಾ ಮ್ಯಾಲೆ ಇದ್ರ ಕಂಪನಿ ವಕೀಲರಿಗೆ ಒಂದು ಮೇಲ್ ಹಾಕಿ ಬರವಣಿಗೆದಾಗ ಉತ್ತರ ತಗೊಳ್ಳಿ.

ಮತ್ತ ಒಂದು. ಆಕಿ ಅಲ್ಲಿ ಹೊರಗಿನಾಕಿ. ಮೊದ್ಲ ಮೀಟಿಂಗಿನಾಗೇ ನಿಮ್ಮ ಸಿಸ್ಟಮ್ ಸರಿ ಇಲ್ಲ ಅಂತ ಎಕ್ಸೆಲ್ ಶೀಟ್ ತಗಿದ್ರ ಹಿರಿಯರು ಸುಮ್ಮನೆ ತಲಿ ಆಡಿಸಿ ಮುಂದಿನ ಮೀಟಿಂಗಿನ ಟೈಮ್ ಹೇಳೋದನ್ನೇ ಮರೀತಾರ. ಮೀಟಿಂಗ್ ಮುಗಿದ ಮ್ಯಾಲೆ ಚಹಾ ಕುಡಿಯೋ ಹೊತ್ತಿನಾಗ ಮಾತಾಡೋದೇ ನಿಜವಾದ ಮೀಟಿಂಗ್, ನಮ್ಮಾಗೂ ಹಂಗೇ ಅಲ್ಲೇನ್ರಿ, ನಿಮ್ಮ ಶಿಕ್ಷಕರ ಸಂಘದಾಗ ನೋಡಿಲ್ಲೇನು ನೀವು.

ಪ್ರಶ್ನೆ: ನಮ್ದು ಸಣ್ಣ ಟ್ರಸ್ಟು, ಶುರುವಾಗಿ ಒಂದು ವರ್ಷ. ತೋರಣಗಲ್ಲು ಸುತ್ತಮುತ್ತ ಕಂಪನಿಗಳ ಸಿಎಸ್‌ಆರ್ (ಸಮಾಜ ಸೇವೆಗೆ ಕೊಡೋ ದುಡ್ಡು) ಕೇಳಿದ್ರೆ 3 ವರ್ಷದ ಆಡಿಟ್ ತನ್ನಿ ಅಂತಾರೆ. ಅಮೆರಿಕದಲ್ಲಿರೋ ಗೆಳೆಯ ಅಲ್ಲಿನ ಸಂಘದಿಂದ ದುಡ್ಡು ಕಳಿಸ್ತೀನಿ ಅಂತಾನೆ, ತಗೋಬಹುದಾ?
(ಬಳ್ಳಾರಿ ಜಿಲ್ಲೆ)

ಉತ್ತರ: ನಿಮ್ಮ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದ್ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದಾಗ ವಿದೇಶಿ ಸಂಸ್ಥೆ ರೊಕ್ಕ ಖಾತೆಗೆ ಬಿತ್ತು ಅಂದ್ರ ತಲಿನೋವು, ಗೆಳೆಯಗ ಈಗ್ಲೇ ಫೋನ್ ಮಾಡಿ ಬ್ಯಾಡ ಅನ್ರಿ. ಆ ನೋಂದಣಿಗೆ ಮೂರು ವರ್ಷ ಆಗಿರ್ಬೇಕು, ಆ ಮೂರು ವರ್ಷದಾಗ ಉದ್ದೇಶಿತ ಕೆಲ್ಸಕ್ಕ 15 ಲಕ್ಷ ಖರ್ಚು ಮಾಡಿರ್ಬೇಕು, ಖಾತೆ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆದಾಗೇ ತಗೀಬೇಕು. ಎಫ್‌ಸಿಆರ್‌ಎ ಇರೋ ಬ್ಯಾರೆ ಸಂಸ್ಥೆ ಮೂಲಕ ತಗೋತೀವಿ ಅಂದ್ರ 2020ರ ತಿದ್ದುಪಡಿ ಆದ ಮ್ಯಾಲೆ ಅದೂ ಬಂದ್.

ಸಿಎಸ್‌ಆರ್‌ಗೆ ದಾರಿ ಐತಿ. ಅಮೆರಿಕದಾಗ ಸಣ್ಣ ವಲಸಿಗರ ಗುಂಪುಗಳು ದೊಡ್ಡ ಸಂಸ್ಥೆಯ ಕೊಡೆ ಕೆಳಗ ನಿಂತು ಕೆಲ್ಸ ಮಾಡ್ತಾವ, ರೊಕ್ಕ ದೊಡ್ಡವ್ರ ಖಾತೆಗೆ ಬರ್ತತಿ, ಲೆಕ್ಕ ಅವ್ರು ಇಡ್ತಾರ, ಒಂದಿಷ್ಟು ಪರ್ಸೆಂಟ್ ಹಿಡ್ಕೋತಾರ, ಕೆಲ್ಸ ಸಣ್ಣವ್ರದು. ನೀವೂ ಸಿಎಸ್‌ಆರ್-1 (ಸಿಎಸ್‌ಆರ್ ರೊಕ್ಕ ತಗೊಳ್ಳಾಕ ಬೇಕಾದ ಸರ್ಕಾರಿ ನೋಂದಣಿ) ಇರೋ ಹಳೇ ಸಂಸ್ಥೆ ಜೊತಿ ಒಂದು ಒಪ್ಪಂದ ಬರ್ಕೊಂಡು ಅವ್ರ ಪ್ರಾಜೆಕ್ಟಿನಾಗ ಸೇರ್ಕೊಳ್ರಿ. ಬರಹದಾಗ ಇರ್ಲಿ ಮತ್ತ, ಕೆಲ್ಸ ನಿಮ್ಮದು ಫೋಟೋ ಅವ್ರದು ಆಗೋದು ಬಾಳ ನೋಡೀನಿ. ಅಷ್ಟರಾಗ 12ಎ, 80ಜಿ ಅಂತ ಜನ ಕರೆಯೋ ಆದಾಯ ತೆರಿಗೆ ವಿನಾಯ್ತಿ ನೋಂದಣಿ ಮಾಡ್ಸಿ, ಆಡಿಟ್ ಈ ವರ್ಷದಿಂದಲೇ ಶುರು ಮಾಡ್ರಿ, ರೊಕ್ಕ ಕಮ್ಮಿ ಐತಿ ಅಂತ ಬಿಡಬ್ಯಾಡ್ರಿ. 2,000 ರೂಪಾಯಿಗಿಂತ ಮ್ಯಾಲಿನ ನಗದು ದೇಣಿಗೆಗೆ ಕೊಟ್ಟವ್ರಿಗೆ 80ಜಿ ಲಾಭ ಸಿಗಲ್ಲ, ಅದನ್ನೂ ರಶೀದಿ ಹರಿಯೋ ಹುಡುಗರಿಗೆ ಹೇಳಿಡ್ರಿ.

ಪ್ರಶ್ನೆ: ನಮ್ಮ ಅಜ್ಜ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವ್ರು, ನಾವು ಸಿಂಧನೂರು ಹತ್ರದ ಕ್ಯಾಂಪಿನಾಗ ಹುಟ್ಟಿ ಬೆಳೆದವ್ರು. ಕ್ಯಾಂಪಿನ ಪೂಜಾ ಕಮಿಟಿ ಪೂರ್ತಿ ಹಿರಿಯರದು. ನಾವು ಹುಡುಗ ಹುಡುಗೀರು ಸೇರಿ ಮಕ್ಕಳಿಗೆ ಟ್ಯೂಶನ್, ಸ್ಕಾಲರ್‌ಶಿಪ್ ಅರ್ಜಿ ಅಂತ ಮಾಡೋಣ ಅಂದ್ರ ಕಮಿಟಿ ರೊಕ್ಕ ಕೊಡಲ್ಲ. ಬ್ಯಾರೆ ಸಂಘ ಮಾಡ್ಲೇನು?
(ಡಿಗ್ರಿ ವಿದ್ಯಾರ್ಥಿನಿ, ಸಿಂಧನೂರು ತಾಲೂಕು)

ಉತ್ತರ: ತಂಗಿ, ಈಗಲೇ ಬ್ಯಾಡ. ಹಿರಿಯರಿಗೆ ಪೂಜಾ ಕಮಿಟಿ ಅಂದ್ರ ಬರೀ ಪೂಜಾ ಅಲ್ಲ, ಬಿಟ್ಟು ಬಂದ ಊರು ಅದರಾಗ ಐತಿ. ನಿನಗ ಊರು ಅಂದ್ರ ಸಿಂಧನೂರು. ಅಮೆರಿಕದಾಗ ಆಫ್ರಿಕಾದವ್ರ ಎರಡನೇ ತಲೆಮಾರಿನದೂ ಇದೇ ಗೋಳು, ಹಿರಿಯರು ಸೊಮಾಲಿಯಾದ ರಾಜಧಾನಿ ಮೊಗದಿಶುದಾಗ ಏನಾತು ಅಂತ ಮಾತಾಡ್ತಾರ, ಹುಡುಗರು ನಮ್ಮ ಶಾಲಿದಾಗ ಏನಾಗಾಕತ್ತೈತಿ ಅಂತಾರ. ಆದ್ರ ಒಂದು ನೋಡು, ಅಲ್ಲಿ ಹತ್ತು ಹನ್ನೆರಡು ವರ್ಷದ ವಯಸ್ಸಿನಾಗೇ ಅವ್ವನ ಜೊತಿ ಆಸ್ಪತ್ರಿಗೆ ಹೋಗಿ ಡಾಕ್ಟರ್ ಮಾತು ತಿಳಿಸಿ ಹೇಳಿದ ಹುಡುಗೀರೇ ದೊಡ್ಡವರಾಗಿ ಸಂಸ್ಥೆ ಮುಂದ ಬಂದ್ರ ಜನ ಒಪ್ತಾರ, ಯಾಕಂದ್ರ ಮನಿ ಮನಿಗೂ ಅವ್ರ ಪರಿಚಯ ಐತಿ. ನೀನೂ ಹಂಗೇ ಮಾಡು. ಕಮಿಟಿ ರೊಕ್ಕ ಕೇಳೋ ಬದ್ಲಿ ಕಮಿಟಿಯ ಜಾಗ ಕೇಳು, ಪೂಜಾ ಇಲ್ಲದಾಗ ಆ ಮಂಟಪದ ಶೆಡ್ ಖಾಲಿನೇ ಇರ್ತತಿ. ಅಲ್ಲಿ ಟ್ಯೂಶನ್ ಹಚ್ಚು, ಹಿರಿಯರ ಮೊಮ್ಮಕ್ಕಳನ್ನೇ ಮೊದ್ಲು ಸೇರಿಸ್ಕೋ. ಈ ವರ್ಷದ ಸ್ಕಾಲರ್‌ಶಿಪ್ ಅರ್ಜಿ ತುಂಬಾಕ ಮನಿ ಮನಿಗೆ ನಿಮ್ಮ ಗುಂಪಿನವ್ರು ಹೋಗ್ಲಿ, ಯಾರಿಗೆ ಬಂತು ಯಾರಿಗೆ ಬರ್ಲಿಲ್ಲ ಒಂದು ನೋಟ್‌ಬುಕ್ಕಿನಾಗ ಬರೀರಿ. ಆ ನೋಟ್‌ಬುಕ್ ಹಿಡ್ಕೊಂಡು ಪೂಜಾ ಮುಗಿದ ಮಾರನೇ ವಾರ ಲೆಕ್ಕ ಒಪ್ಪಿಸೋ ಸಭೆಗೆ ಹೋಗಿ ಕಮಿಟಿಯಾಗ ಎರಡು ಜಾಗ ಕೇಳು, ಒಂದು ಹುಡುಗಿದು. ಆವಾಗ್ಲೂ ಇಲ್ಲ ಅಂದ್ರ ಬ್ಯಾರೆ ಸಂಘ ಮಾಡಾಕ ನಾನೇ ಬೈಲಾ ಬರ್ದು ಕೊಡ್ತೀನಿ.

ಪ್ರಶ್ನೆ: ಅಧ್ಯಕ್ಷರಿಗೆ ಸಂಬಳ ಕೊಡಬಹುದಾ?
(ಗಂಗಾವತಿ)

ಉತ್ತರ: ಒಂದು ಸಾಲಿನ ಪ್ರಶ್ನೆ, ಹಿಂದ ಏನೋ ದೊಡ್ಡದೇ ಇದ್ದಂಗೈತಿ. ಕುರ್ಚಿಗೆ ಪಗಾರ ಕೊಡಬ್ಯಾಡ್ರಿ, ಕೆಲ್ಸಕ್ಕ ಕೊಡ್ರಿ. ಅಮೆರಿಕದಾಗ ಸಾಮಾನ್ಯವಾಗಿ ಬೋರ್ಡಿನವ್ರು ಪುಕ್ಕಟೆ, ದಿನಾ ಆಫೀಸ್ ನಡ್ಸೋ ಡೈರೆಕ್ಟರಿಗೆ ಪಗಾರ, ಆ ಪಗಾರ ಬೋರ್ಡ್ ಕೂತು ನಿಗದಿ ಮಾಡ್ತತಿ, ಡೈರೆಕ್ಟರ್ ಆ ಹೊತ್ತಿನಾಗ ಹೊರಗ ಇರ್ತಾನ. ನಿಮ್ಮ ಅಧ್ಯಕ್ಷರು ನಿಜವಾಗ್ಲೂ ದಿನಾ ಕುಂತು ದುಡೀತಿದ್ರ ಬೈಲಾದಾಗ ಅವಕಾಶ ಐತೇನು ನೋಡ್ರಿ, ಎಷ್ಟು ಅಂತ ಅವ್ರು ಇಲ್ಲದ ಹೊತ್ತಿನಾಗ ನಿರ್ಣಯ ಮಾಡಿ ಮಿನಿಟ್ಸ್‌ದಾಗ ಬರೀರಿ, ಮಾರ್ಕೆಟ್ ರೇಟಿಗಿಂತ ಹೆಚ್ಚು ಕೊಟ್ರ ತೆರಿಗೆ ವಿನಾಯ್ತಿಗೇ ಕುತ್ತು, ಸಿಎ ಹತ್ರ ಕೇಳಿ ಬ್ಯಾಂಕ್ ಮೂಲಕವೇ ಕೊಡ್ರಿ. ಈಗಾಗ್ಲೇ ಕೈಯಾಗ ಕೊಡಾಕತ್ತಿದ್ರ ಈ ತಿಂಗಳಿಂದ ನಿಲ್ಸ್ರಿ.